ನಿಸ್ತಂತು ಕೀಲಿಮಣೆ ಮತ್ತು ನೀಲಗಿರಿಯ ಲಿಪಿಗಳು

ಪ್ರೊಸೆಸರ್, ಮೆಮೊರಿ, ಪರದೆಗೆ ಚಿತ್ರ ಕಳಿಸುವ ಚಿಪ್ಪು ಮತ್ತು ತಂತಿ ಸಿಕ್ಕಿಸುವ ಕಿಂಡಿಗಳನ್ನೆಲ್ಲ ಒಂದೇ ಬೋರ್ಡಿನ ಮೇಲೆ ಬೆಸೆದು ಕೂರಿಸಿದ ಪುಟ್ಟ ಯಂತ್ರಕ್ಕೆ ಏಕಫಲಕ ಗಣಕ ಎಂದು ಹೆಸರು. ಈ ಬಗೆಯ ಗಣಕಗಳಲ್ಲಿ ಅತ್ಯಂತ ಪರಿಚಿತವಾದ ರಾಸ್ಪ್‌ಬೆರಿ ಪೈ 2012ರ ಫೆಬ್ರವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಹೊರಬಂದಿತು. ಶಾಲಾ ಮಕ್ಕಳ ಕೈಗೆ ಎಟಕುವ ಬೆಲೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಯಂತ್ರವೊಂದು ಬೇಕೆಂದು ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ರೂಪಿಸಿದ ಈ ಗಣಕದ ಮೊದಲ ಬೆಲೆ 35 ಡಾಲರ್ ಆಗಿದ್ದು, ಅದರ ಅಳತೆ ಎಟಿಎಂ ಕಾರ್ಡಿನಷ್ಟೇ, ಅಂದರೆ ಸುಮಾರು 85 ಮಿಲಿಮೀಟರ್ ಉದ್ದ ಮತ್ತು 56 ಮಿಲಿಮೀಟರ್ ಅಗಲ. ಬೆಲೆಯನ್ನು ಇಷ್ಟು ಕೆಳಗಿಳಿಸಲು ತಯಾರಕರು ಪರದೆ, ಕೀಲಿಮಣೆ, ಮೌಸ್ ಯಾವುದನ್ನೂ ಜೊತೆಗೆ ಕೊಡದೆ ಬರಿಯ ಬೋರ್ಡನ್ನಷ್ಟೇ ಮಾರಿದರು. ಮನೆಯಲ್ಲಿರುವ ಟಿವಿಯೇ ಪರದೆಯಾಗಬೇಕು, ಕೀಲಿಮಣೆಯನ್ನು ಬಳಕೆದಾರನೇ ಹೊಂದಿಸಿಕೊಳ್ಳಬೇಕು ಎಂಬುದು ಅವರ ಯೋಜನೆಯಾಗಿತ್ತು. ಟಿವಿ ಗೋಡೆಯ ಮೇಲಿದ್ದು ಕೂರುವ ಜಾಗ ಅದರಿಂದ ಎರಡು ಮೂರು ಮೀಟರ್ ದೂರವಿರುವ ಮನೆಗಳಲ್ಲಿ ತಂತಿಯ ಕೀಲಿಮಣೆ ಸಾಲದು, ಆದ್ದರಿಂದಲೇ ನಿಸ್ತಂತು, ಅಂದರೆ ವೈರ್‌ಲೆಸ್ ಕೀಲಿಮಣೆಯ ಮಾತು ಬರುತ್ತದೆ.

ನೀಲಗಿರಿ ಜಿಲ್ಲೆಯಲ್ಲಿ ಈ ಸಾಮಾನ್ಯ ತಾಂತ್ರಿಕ ಕೆಲಸಕ್ಕೆ ಇನ್ನೊಂದು ಮುಖವಿದೆ. ತಮಿಳುನಾಡು, ಕರ್ನಾಟಕ, ಕೇರಳಗಳ ಗಡಿಗಳು ಕೂಡುವ ಈ ಬೆಟ್ಟದ ನಾಡಿನಲ್ಲಿ 2011ರ ಜನಗಣತಿಯಂತೆ 7,35,394 ಜನರಿದ್ದರು, ಮತ್ತು ಅವರು ತಮಿಳು, ಬಡಗ, ಕನ್ನಡ, ಮಲಯಾಳಂ ಭಾಷೆಗಳನ್ನೂ ತೋಡ, ಕೋತ, ಕುರುಂಬ, ಇರುಳ, ಪಣಿಯ ಸಮುದಾಯಗಳ ನುಡಿಗಳನ್ನೂ ಆಡುತ್ತಾರೆ. ಉದಕಮಂಡಲದ ಪೇಟೆಯಲ್ಲಿ ತಮಿಳು ಮೇಲುಗೈಯಾಗಿದ್ದರೆ ಗೂಡಲೂರಿನ ಕಡೆ ಮಲಯಾಳಂ ಧಾರಾಳವಾಗಿ ಕೇಳಿಸುತ್ತದೆ. ಮೋಯಾರ್ ನದಿಯಾಚೆಗೆ ಬಂಡೀಪುರವಿರುವ ಮಸಿನಗುಡಿಯಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ಅಂಗಡಿಯಲ್ಲಿ ಸಿಗುವ ಕೀಲಿಮಣೆಯ ಮೇಲಾದರೋ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರಗಳು ಮಾತ್ರ. ಶಾಲೆಯಲ್ಲಿ ತಮಿಳನ್ನೂ ಮನೆಯಲ್ಲಿ ಕನ್ನಡವನ್ನೋ ಬಡಗವನ್ನೋ ಬಳಸುವ ವಿದ್ಯಾರ್ಥಿಯೊಬ್ಬರು ಆ ಒಂದೇ ಕೀಲಿಮಣೆಯಿಂದ ಎಲ್ಲವನ್ನೂ ಬರೆಯಬಹುದೇ ಎಂಬ ಪ್ರಶ್ನೆಗೆ, ಖಂಡಿತವಾಗಿ ಬರೆಯಬಹುದು ಎಂಬುದೇ ಉತ್ತರ. ಅದಕ್ಕೆ ಕಾರಣ ಕೀಲಿಮಣೆಯ ಸ್ವಭಾವದಲ್ಲೇ ಇದ್ದು, ಅದನ್ನು ತಿಳಿದುಕೊಂಡರೆ ಜೋಡಣೆಯ ಉಳಿದ ಹಂತಗಳು ಸುಲಭವಾಗುತ್ತವೆ.

ಕೀಲಿಮಣೆ ಅಕ್ಷರಗಳನ್ನು ಕಳಿಸುವುದಿಲ್ಲ, ಸಂಖ್ಯೆಗಳನ್ನು ಕಳಿಸುತ್ತದೆ. ಯುಎಸ್‌ಬಿ ಮತ್ತು ಬ್ಲೂಟೂತ್ ಎರಡೂ ಅನುಸರಿಸುವ ಒಂದು ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಪ್ರತಿ ಕೀಲಿಗೂ ಒಂದು ಕ್ರಮಸಂಖ್ಯೆಯಿದೆ: ಇಂಗ್ಲಿಷಿನ ಎ ಅಚ್ಚಾಗಿರುವ ಕೀಲಿಗೆ 4, ಬಿ ಕೀಲಿಗೆ 5, ಹೀಗೆ ಸಾಗಿ ಝಡ್ ಕೀಲಿಗೆ 29. ಕೀಲಿಯೊಂದನ್ನು ಒತ್ತಿದಾಗ ಮಣೆಯ ಒಳಗಿನ ಪುಟ್ಟ ಚಿಪ್ಪು ಎಂಟು ಬೈಟುಗಳ, ಅಂದರೆ ಎಂಟು ಚಿಕ್ಕ ಸಂಖ್ಯೆಗಳ ಒಂದು ವರದಿಯನ್ನು ಸಿದ್ಧಪಡಿಸುತ್ತದೆ. ಮೊದಲನೆಯ ಬೈಟು ಶಿಫ್ಟ್, ಕಂಟ್ರೋಲ್, ಆಲ್ಟ್ ಮೊದಲಾದ ಸಹಾಯಕ ಕೀಲಿಗಳಲ್ಲಿ ಯಾವುದು ಒತ್ತಲ್ಪಟ್ಟಿದೆ ಎಂಬುದನ್ನು ಹೇಳುತ್ತದೆ, ಎರಡನೆಯದು ಖಾಲಿ ಇರುತ್ತದೆ, ಉಳಿದ ಆರರಲ್ಲಿ ಏಕಕಾಲಕ್ಕೆ ಒತ್ತಿದ ಆರು ಕೀಲಿಗಳವರೆಗಿನ ಕ್ರಮಸಂಖ್ಯೆಗಳಿಗೆ ಜಾಗವಿದೆ. ಎಂ ಕೀಲಿಯನ್ನು ಒಂಟಿಯಾಗಿ ಒತ್ತಿದರೆ ಮೊದಲ ಬೈಟು ಸೊನ್ನೆಯಾಗಿ, ಮೂರನೆಯ ಬೈಟಿನಲ್ಲಿ 16 ಕೂರುತ್ತದೆ. ಎಡಗಡೆಯ ಶಿಫ್ಟ್ ಹಿಡಿದು ಯು ಒತ್ತಿದರೆ ಮೊದಲ ಬೈಟು 2, ಮೂರನೆಯದು 24. ಕೀಲಿಯಿಂದ ಬೆರಳು ಎತ್ತಿದಾಗ ಎಲ್ಲವೂ ಸೊನ್ನೆಯಾದ ಇನ್ನೊಂದು ವರದಿ ಹೊರಡುತ್ತದೆ. ಮಣೆಯ ಮೇಲೆ ಯಾವ ಲಿಪಿ ಅಚ್ಚಾಗಿದೆ, ಬಳಕೆದಾರನ ಮನಸ್ಸಿನಲ್ಲಿರುವ ಭಾಷೆ ಯಾವುದು ಎಂಬುದರ ಸುಳಿವು ಈ ಎಂಟು ಬೈಟುಗಳಲ್ಲಿ ಎಲ್ಲಿಯೂ ಇರುವುದಿಲ್ಲ. 16 ಎಂಬ ಸಂಖ್ಯೆ ಪರದೆಯ ಮೇಲೆ ಯಾವ ಅಕ್ಷರವಾಗಿ ಮೂಡಬೇಕೆಂಬುದನ್ನು ಗಣಕದೊಳಗಿನ ವಿನ್ಯಾಸ ಪಟ್ಟಿಯೊಂದು ತೀರ್ಮಾನಿಸುತ್ತದೆ. ಆದ್ದರಿಂದ ನಿಸ್ತಂತು ಕೀಲಿಮಣೆಯ ಜೋಡಣೆ ಎಂದರೆ ವಾಸ್ತವವಾಗಿ ಎರಡು ಬೇರೆ ಬೇರೆ ಕೆಲಸಗಳು: ಸಂಖ್ಯೆಗಳು ಗಾಳಿಯ ಮೂಲಕ ಗಣಕವನ್ನು ತಪ್ಪದೆ ತಲುಪುವಂತೆ ಮಾಡುವುದು ಮೊದಲನೆಯದು, ತಲುಪಿದ ಸಂಖ್ಯೆಗಳು ಬೇಕಾದ ಲಿಪಿಯಾಗುವಂತೆ ಮಾಡುವುದು ಎರಡನೆಯದು. ಈ ಎರಡನ್ನು ಕಲಸಿಕೊಳ್ಳುವುದರಿಂದಲೇ ಎಷ್ಟೋ ಜನ ಅಕ್ಷರ ಸರಿಬಾರದಿದ್ದಾಗ ಕೀಲಿಮಣೆ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ಕೊಳ್ಳುತ್ತಾರೆ.

ಮೊದಲನೆಯ ಕೆಲಸಕ್ಕೆ ಎರಡು ದಾರಿಗಳಿವೆ. ಒಂದು ಬಗೆಯ ಕೀಲಿಮಣೆಯೊಂದಿಗೆ ಉಗುರಿನಷ್ಟು ದೊಡ್ಡ ಡಾಂಗಲ್, ಅಂದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಗ್ರಾಹಕ ಸಾಧನವೊಂದು ಬರುತ್ತದೆ. ಮಣೆಯೂ ಡಾಂಗಲ್ಲೂ ಕಾರ್ಖಾನೆಯಲ್ಲಿಯೇ ಪರಸ್ಪರ ಗುರುತು ಮಾಡಿಕೊಂಡಿರುವುದರಿಂದ ಬಳಕೆದಾರ ಮಾಡಬೇಕಾದ ಕೆಲಸ ಬಹುಮಟ್ಟಿಗೆ ಏನೂ ಇರುವುದಿಲ್ಲ, ಗಣಕ ಅದನ್ನು ತಂತಿಯ ಕೀಲಿಮಣೆಯೆಂದೇ ತಿಳಿಯುತ್ತದೆ. ಇನ್ನೊಂದು ಬಗೆ ಬ್ಲೂಟೂತ್ ಕೀಲಿಮಣೆ. ಇದಕ್ಕೆ ಡಾಂಗಲ್ ಬೇಡ, ಆದರೆ ಗಣಕದೊಳಗೆ ಬ್ಲೂಟೂತ್ ಇರಬೇಕು. ರಾಸ್ಪ್‌ಬೆರಿ ಪೈಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡನ್ನೂ ಬೋರ್ಡಿನಲ್ಲೇ ಪಡೆದ ಮೊದಲನೆಯದು 2016ರ ಫೆಬ್ರವರಿಯಲ್ಲಿ ಬಂದ ಪೈ 3. ಅದಕ್ಕೂ ಹಿಂದಿನ ಮಾದರಿಗಳಿಗೂ 2015ರ ಮೊದಲ ಪೈ ಜೀರೋಗೂ ಡಾಂಗಲ್ ಬಗೆಯೇ ಗತಿ, ಅದರಲ್ಲೂ ಪೈ ಜೀರೋದ ಕಿಂಡಿ ಚಿಕ್ಕ ಮೈಕ್ರೋ ಯುಎಸ್‌ಬಿ ಆಗಿರುವುದರಿಂದ ಒಟಿಜಿ ಎಂದು ಕರೆಯುವ ಕಿರುತಂತಿಯೊಂದು ನಡುವೆ ಬೇಕಾಗುತ್ತದೆ. ಬ್ಲೂಟೂತ್ ಒಳಗೊಂಡು ಬಂದ ನಂತರದ ಜೀರೋಗಳಂತಹ, ಒಂದೇ ಕಿಂಡಿಯ ಬೋರ್ಡುಗಳಿಗೆ ಬ್ಲೂಟೂತ್ ಕೀಲಿಮಣೆ ಹೆಚ್ಚು ಹೊಂದುತ್ತದೆ. ಮೊದಲ ಬಾರಿಗೆ ಗಣಕ ಹಿಡಿಯುವವರಿಗೆ ಡಾಂಗಲ್ ಬಗೆಯೇ ಒಳ್ಳೆಯದು, ಏಕೆಂದರೆ ಅಲ್ಲಿ ಕೆಡಬಹುದಾದ ಹಂತಗಳು ಕಡಿಮೆ.

ಎರಡೂ ಬಗೆಗಳು ಸಾಮಾನ್ಯವಾಗಿ ಬಳಸುವುದು 2.4 ಗಿಗಾಹರ್ಟ್ಸ್ ಆವರ್ತನದ ರೇಡಿಯೋ ಅಲೆಗಳನ್ನು, ಅಂದರೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ, ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದದ ಅಲೆಗಳನ್ನು. ಭಾರತ ಸರ್ಕಾರ 2005ರಲ್ಲಿ ಈ ಆವರ್ತನ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಲ್ಲದೆ ಬಿಟ್ಟುಕೊಟ್ಟಿತು. ಹಾಗಾಗಿ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ, ನಿಸ್ತಂತು ಮೌಸ್ ಎಲ್ಲವೂ ಇದೇ ಇಕ್ಕಟ್ಟಾದ ಜಾಗದಲ್ಲಿ ಕೂಡುತ್ತವೆ. ಈ ಗದ್ದಲದಿಂದ ಪಾರಾಗಲು ಸಾಂಪ್ರದಾಯಿಕ ಬ್ಲೂಟೂತ್ ತನ್ನ ಪಾಲಿನ ಪಟ್ಟಿಯನ್ನು 79 ದಾರಿಗಳಾಗಿ ಹಂಚಿಕೊಂಡು, ಸೆಕೆಂಡಿಗೆ 1,600 ಬಾರಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಜಿಗಿಯುವ ಕ್ರಮವನ್ನು ಕೀಲಿಮಣೆಯೂ ಗಣಕವೂ ಹಂಚಿಕೊಂಡಿರುತ್ತವೆ, ಮತ್ತು ವೈಫೈ ಆಕ್ರಮಿಸಿಕೊಂಡ ದಾರಿಗಳನ್ನು ಅವು ಗುರುತಿಸಿ ಬಿಟ್ಟುಬಿಡುತ್ತವೆ. ಬೆಟ್ಟದ ಮನೆಗಳಲ್ಲಿ ಮಂಜು ಕಿಟಕಿಯೊಳಗೇ ಬಂದರೂ ಕೆಲವೇ ಮೀಟರ್ ದೂರದ ಈ ಅಲೆಗಳಿಗೆ ಅದರಿಂದ ತೊಂದರೆಯಿಲ್ಲ. ತಡೆಯಾಗುವುದು ಲೋಹ ಮತ್ತು ನೀರು ತುಂಬಿದ ಮನುಷ್ಯ ದೇಹ. ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಬೋರ್ಡಿಗೆ ಬ್ಲೂಟೂತ್ ಸಂಕೇತ ಕುಂದುವುದು ಇದೇ ಕಾರಣದಿಂದ.

ಗದ್ದಲದ ನಡುವೆ ಕ್ಷೀಣ ಸಂಕೇತವೊಂದನ್ನು ಹಿಡಿಯುವುದೆಂದರೆ ಏನು ಎಂಬುದಕ್ಕೆ ನೀಲಗಿರಿಯಲ್ಲೇ ದೊಡ್ಡ ನಿದರ್ಶನವೊಂದಿದೆ. ಉದಕಮಂಡಲದ ಹತ್ತಿರ ಮುತ್ತೊರೈನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಾಗಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ 1970ರಲ್ಲಿ ಸಿದ್ಧವಾದ ರೇಡಿಯೋ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲವಿದ್ದು, 24 ಉಕ್ಕಿನ ಚೌಕಟ್ಟುಗಳ ಮೇಲೆ ಉದ್ದಕ್ಕೂ ಎಳೆದ ತೆಳ್ಳನೆಯ ಸ್ಟೇನ್‌ಲೆಸ್ ಉಕ್ಕಿನ ತಂತಿಗಳೇ ಅದರ ಕನ್ನಡಿಯಾಗಿವೆ. ಸ್ಥಳದ ಅಕ್ಷಾಂಶ ಸುಮಾರು 11 ಡಿಗ್ರಿಯಾಗಿರುವುದರಿಂದ ಅಷ್ಟೇ ಇಳಿಜಾರಿರುವ ಗುಡ್ಡವೊಂದನ್ನು ಹುಡುಕಿ ಅದರ ಮೇಲೆ ಕಟ್ಟಿದ್ದರಿಂದ ದೂರದರ್ಶಕದ ಉದ್ದನೆಯ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಯಿತು, ಮತ್ತು ಒಂದೇ ದಿಕ್ಕಿನ ತಿರುಗಣೆಯಿಂದ ಆಕಾಶಕಾಯವೊಂದನ್ನು ಗಂಟೆಗಟ್ಟಲೆ ಹಿಂಬಾಲಿಸುವುದು ಸಾಧ್ಯವಾಯಿತು. ಭಾರತೀಯ ವಿಜ್ಞಾನದ ಅತ್ಯಂತ ಸುಂದರವಾದ ಆಲೋಚನೆಗಳಲ್ಲಿ ಇದೂ ಒಂದು. ಅದು ಕೇಳಿಸಿಕೊಳ್ಳುವುದು 326.5 ಮೆಗಾಹರ್ಟ್ಸ್ ಸುತ್ತಮುತ್ತಲಿನ, ಸುಮಾರು 92 ಸೆಂಟಿಮೀಟರ್ ಉದ್ದದ ಅಲೆಗಳನ್ನು. ಕೀಲಿಮಣೆಯ ಅಲೆಗಳು ಅದಕ್ಕಿಂತ ಬಹಳ ಚಿಕ್ಕವು. ಆದರೂ ಎರಡಕ್ಕೂ ಸಮಾನವಾದ ಒಂದು ಶತ್ರುವಿದೆ. ವಿದ್ಯುತ್ ವೇಗವಾಗಿ ಹೊತ್ತಿ ಆರುವ ಯಾವುದೇ ಮಂಡಲ, ಗಣಕವೂ ಸೇರಿದಂತೆ, ಯಾರಿಗೂ ಬೇಡವಾದ ರೇಡಿಯೋ ಸದ್ದನ್ನು ಸುತ್ತ ಹರಡುತ್ತಲೇ ಇರುತ್ತದೆ.

ಈ ಸದ್ದಿನ ಪರಿಣಾಮ ಏಕಫಲಕ ಗಣಕದಲ್ಲಿ ನೇರವಾಗಿ ಕಾಣುತ್ತದೆ. 2019ರಲ್ಲಿ ಬಂದ ಪೈ 4 ಮತ್ತು ಅದರ ನಂತರದ ಪೈ 5 ಮಾದರಿಗಳಲ್ಲಿ ನಾಲ್ಕು ದೊಡ್ಡ ಯುಎಸ್‌ಬಿ ಕಿಂಡಿಗಳಿದ್ದು, ಅವುಗಳಲ್ಲಿ ಎರಡರ ಒಳಭಾಗ ನೀಲಿ, ಎರಡರದು ಕಪ್ಪು. ನೀಲಿಯವು ವೇಗದ ಯುಎಸ್‌ಬಿ 3 ಕಿಂಡಿಗಳು. ಅಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಹುಟ್ಟುವ ಸದ್ದು 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆಯೆಂಬುದನ್ನು ಇಂಟೆಲ್ ಕಂಪನಿ 2012ರಲ್ಲೇ ಅಳತೆಗಳ ಸಮೇತ ಪ್ರಕಟಿಸಿತ್ತು. ನೀಲಿ ಕಿಂಡಿಯೊಂದಕ್ಕೆ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್ ಹಾಕಿ, ಅದರ ಪಕ್ಕದ ನೀಲಿ ಕಿಂಡಿಗೇ ಕೀಲಿಮಣೆಯ ಡಾಂಗಲ್ ಸಿಕ್ಕಿಸಿದರೆ, ಕಡತ ನಕಲಾಗುವ ಹೊತ್ತಿನಲ್ಲಿ ಅಕ್ಷರಗಳು ತಪ್ಪಿಹೋಗುವುದು, ಒಂದೇ ಅಕ್ಷರ ಹತ್ತಾರು ಸಲ ಮೂಡುವುದು, ಮೌಸ್ ತಡವರಿಸುವುದು ಆರಂಭವಾಗುತ್ತದೆ. ಒಂದೇ ಅಕ್ಷರ ಮತ್ತೆ ಮತ್ತೆ ಮೂಡಲು ಕಾರಣ ಮೇಲೆ ಹೇಳಿದ ಸೊನ್ನೆಗಳ ವರದಿ ದಾರಿಯಲ್ಲಿ ಕಳೆದುಹೋಗುವುದು: ಬೆರಳು ಎತ್ತಿದ್ದು ಗಣಕಕ್ಕೆ ತಿಳಿಯದೆ, ಕೀಲಿ ಇನ್ನೂ ಒತ್ತಿಯೇ ಇದೆಯೆಂದು ಅದು ನಂಬುತ್ತದೆ. ಡಾಂಗಲ್ಲನ್ನು ಕಪ್ಪು ಕಿಂಡಿಗೆ ಬದಲಾಯಿಸುವುದು, ಅಥವಾ ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಯಿಂದ ಅದನ್ನು ಬೋರ್ಡಿನಿಂದ ದೂರ ಸರಿಸುವುದು ಇದಕ್ಕೆ ಪರಿಹಾರ. ಬ್ಲೂಟೂತ್ ಬಗೆಗೆ ತೊಂದರೆಯಾದರೆ ಗಣಕದ ವೈಫೈಯನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ಬದಲಾಯಿಸಿದಲ್ಲಿ ಬಹುಪಾಲು ನಿವಾರಣೆಯಾಗುತ್ತದೆ, ಏಕೆಂದರೆ ಬೋರ್ಡಿನ ಮೇಲೆ ಎರಡಕ್ಕೂ ಒಂದೇ ಚಿಪ್ಪು ಕೆಲಸ ಮಾಡುತ್ತಿರುತ್ತದೆ. 2018ರ ಪೈ 3 ಬಿ ಪ್ಲಸ್ ಹಾಗೂ ಮುಂದಿನ ದೊಡ್ಡ ಮಾದರಿಗಳಲ್ಲಿ ಈ ಅನುಕೂಲವಿದೆ.

ಬ್ಲೂಟೂತ್ ಕೀಲಿಮಣೆಯನ್ನು ಗಣಕಕ್ಕೆ ಪರಿಚಯಿಸುವ ಕ್ರಿಯೆಗೆ ಪೇರಿಂಗ್, ಅಂದರೆ ಜೋಡಿ ಮಾಡುವುದು ಎನ್ನುತ್ತಾರೆ. ಇಲ್ಲಿ ಎದುರಾಗುವ ಮೊದಲ ತೊಡಕೆಂದರೆ, ಜೋಡಿ ಮಾಡಲು ಗಣಕಕ್ಕೆ ಆದೇಶ ಕೊಡಬೇಕು, ಆದೇಶ ಕೊಡಲು ಕೀಲಿಮಣೆ ಬೇಕು. ಹಳೆಯ ದಿನಗಳಲ್ಲಿ ಇದಕ್ಕಾಗಿ ತಂತಿಯ ಕೀಲಿಮಣೆಯೊಂದನ್ನು ಎರವಲು ತರುವುದು ಅನಿವಾರ್ಯವಾಗಿತ್ತು. 2022ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಓಎಸ್ ಎಂಬ ಅದರದೇ ಕಾರ್ಯವ್ಯವಸ್ಥೆಯ ಆವೃತ್ತಿಯಿಂದ ಈಚೆಗೆ, ಗಣಕ ಮೊದಲ ಬಾರಿ ಚಾಲೂ ಆದಾಗ ತೋರುವ ಸ್ವಾಗತ ಪರದೆಯೇ ಹತ್ತಿರದ ಬ್ಲೂಟೂತ್ ಕೀಲಿಮಣೆ ಮತ್ತು ಮೌಸುಗಳನ್ನು ಹುಡುಕಿ ಸೇರಿಸಿಕೊಳ್ಳುತ್ತದೆ. ಬಳಕೆದಾರ ಮಣೆಯ ಜೋಡಿ ಗುಂಡಿಯನ್ನು, ಸಾಮಾನ್ಯವಾಗಿ ಬ್ಲೂಟೂತ್ ಚಿಹ್ನೆಯಿರುವ ಕೀಲಿಯನ್ನು, ದೀಪ ಬೇಗ ಬೇಗ ಮಿನುಗುವವರೆಗೆ ಒತ್ತಿ ಹಿಡಿದರೆ ಸಾಕು. ಇದಲ್ಲದೆ ಇನ್ನೊಂದು ಮಾರ್ಗವೂ ಇದೆ: ಮೆಮೊರಿ ಕಾರ್ಡಿಗೆ ಕಾರ್ಯವ್ಯವಸ್ಥೆಯನ್ನು ಬರೆಯುವ ಇಮೇಜರ್ ತಂತ್ರಾಂಶದಲ್ಲಿಯೇ ಬಳಕೆದಾರನ ಹೆಸರು, ಗುಪ್ತಪದ, ವೈಫೈ ವಿವರಗಳನ್ನು ತುಂಬಿ, ಎಸ್‌ಎಸ್‌ಎಚ್ ಎಂಬ ದೂರ ಪ್ರವೇಶ ಸೌಲಭ್ಯವನ್ನು ತೆರೆದಿಟ್ಟರೆ, ಮನೆಯ ಬೇರೊಂದು ಗಣಕದಿಂದ ಈ ಪುಟ್ಟ ಗಣಕವನ್ನು ಪ್ರವೇಶಿಸಿ ಆದೇಶ ನೀಡಬಹುದು.

ಪರದೆಯ ಮೂಲೆಯಲ್ಲಿರುವ ಬ್ಲೂಟೂತ್ ಚಿಹ್ನೆಯನ್ನು ಒತ್ತಿ ಸಾಧನ ಸೇರಿಸು ಎಂಬ ಆಯ್ಕೆಯಿಂದ ಜೋಡಿ ಮಾಡುವುದು ಸುಲಭ. ಅದು ವಿಫಲವಾದಾಗ ಟರ್ಮಿನಲ್, ಅಂದರೆ ಆದೇಶಗಳನ್ನು ಬರೆದು ಕೊಡುವ ಕಿಟಕಿಯಲ್ಲಿ ಬ್ಲೂಟೂತ್‌ಸಿಟಿಎಲ್ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಅದರೊಳಗೆ ಹಂತ ಹಂತವಾಗಿ ಸಾಗುವುದು ಹೆಚ್ಚು ನಂಬಲರ್ಹ. ಅಲ್ಲಿ ಸ್ಕ್ಯಾನ್ ಆನ್ ಎಂದರೆ ಸುತ್ತಲಿನ ಸಾಧನಗಳ ಪಟ್ಟಿ ಮೂಡುತ್ತದೆ, ಪ್ರತಿಯೊಂದರ ಮುಂದೆ ಎರಡೆರಡು ಅಂಕಿ ಅಥವಾ ಅಕ್ಷರಗಳ ಆರು ಗುಂಪುಗಳಿರುವ ವಿಳಾಸವೊಂದಿರುತ್ತದೆ. ಪೇರ್ ಎಂದು ಬರೆದು ಕೀಲಿಮಣೆಯ ವಿಳಾಸ ಕೊಟ್ಟಾಗ ಪರದೆಯ ಮೇಲೆ ಆರು ಅಂಕಿಗಳ ಸಂಖ್ಯೆಯೊಂದು ಕಾಣಿಸುತ್ತದೆ, ಅದನ್ನು ಹೊಸ ನಿಸ್ತಂತು ಕೀಲಿಮಣೆಯ ಮೇಲೆಯೇ ಒತ್ತಿ ಎಂಟರ್ ಹೊಡೆಯಬೇಕು. ಎಷ್ಟೋ ಜನ ಆ ಅಂಕಿಗಳನ್ನು ಹಳೆಯ ಮಣೆಯ ಮೇಲೆ ಒತ್ತಿ, ಜೋಡಿಯಾಗಲಿಲ್ಲವೆಂದು ಕೈಬಿಡುತ್ತಾರೆ. ಈ ಅಂಕಿಗಳು ಬರಿಯ ವಿಧಿಯಲ್ಲ. ಪರದೆಯನ್ನು ನೋಡುತ್ತಿರುವವನೂ ಕೀಲಿಮಣೆಯನ್ನು ಹಿಡಿದವನೂ ಒಬ್ಬನೇ ಎಂಬುದಕ್ಕೆ ಅವೇ ಸಾಕ್ಷಿ, ಮತ್ತು ಮುಂದಿನ ಸಂವಹನವನ್ನು ಗೂಢಗೊಳಿಸುವ ರಹಸ್ಯ ಕೀಲಿಯನ್ನು ಎರಡೂ ಸಾಧನಗಳು ಒಪ್ಪಿಕೊಳ್ಳುವುದು ಆ ಕ್ಷಣದಲ್ಲೇ. ಬಳಿಕ ಟ್ರಸ್ಟ್ ಎಂಬ ಆದೇಶವನ್ನು ಮರೆಯಬಾರದು. ಅದನ್ನು ಕೊಡದಿದ್ದರೆ ಗಣಕ ಮತ್ತೆ ಚಾಲೂ ಆದಾಗ ಕೀಲಿಮಣೆಯ ಮರುಸಂಪರ್ಕವನ್ನು ತಾನಾಗಿ ಒಪ್ಪಿಕೊಳ್ಳದೆ ಇರಬಹುದು, ಮತ್ತು ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ ಬರುವ ಗೂಡಲೂರು, ದೇವಾಲದಂತಹ ಊರುಗಳಲ್ಲಿ ಗಣಕ ಮತ್ತೆ ಮತ್ತೆ ಹೊಸದಾಗಿ ಚಾಲೂ ಆಗುವುದು ಅಪರೂಪವೇನಲ್ಲ.

ಸುರಕ್ಷತೆಯ ಮಾತು ಇಲ್ಲಿಯೇ ಬರಬೇಕು. 2016ರಲ್ಲಿ ಬಾಸ್ಟೀಲ್ ಎಂಬ ಸಂಶೋಧನಾ ಕಂಪನಿ, ಹಲವು ತಯಾರಕರ ಡಾಂಗಲ್‌ಗಳು ಗೂಢಗೊಳಿಸದ ಕೀಲಿ ಸಂಖ್ಯೆಗಳನ್ನೂ ಸ್ವೀಕರಿಸುತ್ತವೆ, ಆದ್ದರಿಂದ ದೂರದಲ್ಲಿರುವ ಅಪರಿಚಿತನೊಬ್ಬ ಬೇರೆಯವರ ಗಣಕಕ್ಕೆ ಕೀಲಿ ಒತ್ತಿದಂತೆ ಮಾಡಬಲ್ಲ ಎಂದು ತೋರಿಸಿತು; 2023ರ ಕೊನೆಯಲ್ಲಿ ಬ್ಲೂಟೂತ್‌ನಲ್ಲಿಯೂ ಅಂತಹುದೇ ದೋಷವೊಂದು ಬಯಲಾಗಿ, ರಾಸ್ಪ್‌ಬೆರಿ ಪೈ ಓಎಸ್‌ಗೆ ಆಧಾರವಾದ ಲಿನಕ್ಸ್‌ನ ಬ್ಲೂಟೂತ್ ತಂತ್ರಾಂಶವನ್ನು ತಿದ್ದಲಾಯಿತು. ಕಾರ್ಯವ್ಯವಸ್ಥೆಯನ್ನು ಆಗಾಗ ಅಪ್‌ಡೇಟ್ ಮಾಡುವುದರಿಂದ ಎರಡನೆಯದು ನೀಗುತ್ತದೆ. ಬ್ಯಾಂಕಿನ ವ್ಯವಹಾರಕ್ಕೆ ಬಳಸುವ ಗಣಕದಲ್ಲಿ ಹಳೆಯ ಅಗ್ಗದ ಡಾಂಗಲ್ ಕೀಲಿಮಣೆಯನ್ನು ಇಟ್ಟುಕೊಳ್ಳದಿರುವುದು ಲೇಸು.

ಬೆಟ್ಟದ ಹವೆಯೂ ಲೆಕ್ಕಕ್ಕೆ ಬರುತ್ತದೆ. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ರಾತ್ರಿಯ ತಾಪಮಾನ ಹಿಮ ಕಟ್ಟುವಷ್ಟು ಇಳಿಯುವುದುಂಟು, ಮತ್ತು ಸಾಧಾರಣ ಆಲ್ಕಲೈನ್ ಸೆಲ್ಲುಗಳೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನವಾಗುವುದರಿಂದ ಬೆಳಿಗ್ಗೆ ಕೀಲಿಮಣೆ ಎಚ್ಚರಗೊಳ್ಳದೆ ಮಧ್ಯಾಹ್ನ ಸರಿಹೋಗಬಹುದು; ಅಂತಹ ಸೆಲ್ಲನ್ನು ಕೂಡಲೇ ಎಸೆಯಬೇಕಿಲ್ಲ. ಮಳೆಯ ತಿಂಗಳುಗಳ ತೇವ ಇದಕ್ಕಿಂತ ಕೆಟ್ಟದ್ದು. 2019ರ ಆಗಸ್ಟ್‌ನಲ್ಲಿ ಒಂದೇ ದಿನದಲ್ಲಿ 800 ಮಿಲಿಮೀಟರಿಗೂ ಮೀರಿ ಮಳೆ ಸುರಿದ ಅವಲಾಂಚಿಯಂತಹ ಸ್ಥಳಗಳಿರುವ ಜಿಲ್ಲೆಯಲ್ಲಿ ಸೆಲ್ಲುಗಳ ತುದಿಯ ಲೋಹದ ಸ್ಪ್ರಿಂಗುಗಳು ಹಸಿರುಗಟ್ಟುವುದು ಸಾಮಾನ್ಯ ಸಂಗತಿ. ಕೆಲವು ವಾರ ಬಳಸದೆ ಇಡುವುದಾದರೆ ಸೆಲ್ಲುಗಳನ್ನು ತೆಗೆದು, ಮಣೆಯನ್ನು ಮುಚ್ಚಳವಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ವಾಸಿ. ಬೋರ್ಡಿನ ವಿಷಯದಲ್ಲಿ ಮುಖ್ಯವಾದದ್ದು ವಿದ್ಯುತ್ ಪೂರೈಕೆ: ಪೈ 4ಕ್ಕೆ 5 ವೋಲ್ಟಿನ 3 ಆಂಪಿಯರ್ ಅಡಾಪ್ಟರ್ ಬೇಕು, ಹಳೆಯ ಫೋನಿನ ಚಾರ್ಜರಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಮಿಂಚಿನ ಚಿಹ್ನೆ ಕಾಣಿಸಿ ಯುಎಸ್‌ಬಿ ಸಾಧನಗಳು ಆಗಾಗ ಕೈಕೊಡುತ್ತವೆ.

ಸಂಖ್ಯೆಗಳು ತಪ್ಪದೆ ತಲುಪತೊಡಗಿದ ಮೇಲೆ ಎರಡನೆಯ ಕೆಲಸವಾದ ಲಿಪಿಯ ಸರದಿ. ರಾಸ್ಪ್‌ಬೆರಿ ಪೈ ಓಎಸ್ ಡೆಬಿಯನ್ ಎಂಬ ಲಿನಕ್ಸ್ ಪ್ರಕಾರವನ್ನು ಆಧರಿಸಿರುವುದರಿಂದ, ಡೆಬಿಯನ್ ಭಂಡಾರದಲ್ಲಿರುವ ಗುಬ್ಬಿ, ನವಿಲು ಮೊದಲಾದ ಉಚಿತ ಕನ್ನಡ ಅಕ್ಷರಶೈಲಿಗಳನ್ನು ಒಂದೇ ಆದೇಶದಿಂದ ಸ್ಥಾಪಿಸಿಕೊಳ್ಳಬಹುದು. ಅವಿಲ್ಲದಿದ್ದರೆ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣಬಹುದು. ಬಳಿಕ ಐಬಸ್ ಎಂಬ ಲಿಪಿ ಬದಲಾವಣೆಯ ತಂತ್ರಾಂಶವನ್ನೂ ಎಂ17ಎನ್ ಎಂಬ ವಿನ್ಯಾಸ ಪಟ್ಟಿಗಳ ಸಂಗ್ರಹವನ್ನೂ ಹಾಕಿದರೆ, ಕನ್ನಡಕ್ಕೆ ಇನ್‌ಸ್ಕ್ರಿಪ್ಟ್, ಕೆಜಿಪಿ, ಐಟ್ರಾನ್ಸ್ ಮುಂತಾದ ಆಯ್ಕೆಗಳೂ ತಮಿಳಿಗೆ ತಮಿಳು-99 ಸೇರಿದಂತೆ ಹಲವು ಆಯ್ಕೆಗಳೂ ದೊರೆಯುತ್ತವೆ. 2023ರ ನಂತರದ ಆವೃತ್ತಿಗಳಲ್ಲಿ ಪರದೆಯನ್ನು ನಿರ್ವಹಿಸುವ ವ್ಯವಸ್ಥೆ ವೇಲ್ಯಾಂಡ್ ಎಂಬುದಕ್ಕೆ ಬದಲಾಗಿದ್ದು, ಅದರೊಂದಿಗೆ ಐಬಸ್ ಹೊಂದಿಕೊಳ್ಳದಿದ್ದರೆ ರಾಸ್ಪಿ-ಕಾನ್ಫಿಗ್ ಎಂಬ ಸಂಯೋಜನಾ ಪರದೆಯಲ್ಲಿ ಹಳೆಯ ಎಕ್ಸ್11 ವ್ಯವಸ್ಥೆಗೆ ಮರಳುವುದು ಸದ್ಯಕ್ಕೆ ನೇರವಾದ ದಾರಿ.

ಕೆಜಿಪಿ ಎಂಬುದು ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಬಂದ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಪಟ್ಟಿ. ಕರ್ನಾಟಕ ಸರ್ಕಾರ ಒಪ್ಪಿಕೊಂಡ ನುಡಿ ತಂತ್ರಾಂಶದಿಂದ ಅದು ಮನೆಮಾತಾಯಿತು. ಕನ್ನಡದ ಪ್ರತಿ ಗುಣಿತಾಕ್ಷರಕ್ಕೂ ಒತ್ತಕ್ಷರಕ್ಕೂ ಬೇರೆ ಬೇರೆ ಕೀಲಿಗಳನ್ನು ಕೊಡುವ ಬದಲು, ಬಾಯಿ ನುಡಿಯುವ ಕ್ರಮದಲ್ಲಿಯೇ ವ್ಯಂಜನವನ್ನೂ ಅದರ ಹಿಂದೆ ಸ್ವರವನ್ನೂ ಒತ್ತಿದರೆ ಅಕ್ಷರದ ಆಕಾರವನ್ನು ಗಣಕವೇ ಕಟ್ಟಿಕೊಳ್ಳಲಿ ಎಂಬುದು ರಾವ್ ಅವರ ತತ್ತ್ವ. ಮಸಿನಗುಡಿ ಎಂದು ಬರೆಯಲು ಎಂ, ಎಸ್, ಐ, ಎನ್, ಜಿ, ಯು, ಡಬ್ಲ್ಯೂ, ಐ ಎಂಬ ಎಂಟು ಕೀಲಿಗಳು ಸಾಕು, ಅಂದರೆ ಗಾಳಿಯಲ್ಲಿ ಹೋಗುವುದು 16, 22, 12, 17, 10, 24, 26, 12 ಎಂಬ ಸಂಖ್ಯೆಗಳು. ಡಕಾರ ಡಬ್ಲ್ಯೂ ಕೀಲಿಯಲ್ಲಿರುವುದಕ್ಕೆ ಕಾರಣ ಡಿ ಕೀಲಿಯನ್ನು ದಕಾರಕ್ಕೆ ಕೊಟ್ಟಿರುವುದು. ಒತ್ತಕ್ಷರಕ್ಕೆ ಎಫ್ ಕೀಲಿ ಕೊಂಡಿಯಾಗುತ್ತದೆ, ದೀರ್ಘ ಸ್ವರಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ನೆರವಾಗುತ್ತದೆ. ಗೂಡಲೂರು ಬರೆಯುವಾಗ ಯು ಕೀಲಿಯನ್ನು ಎರಡು ಸಲ ಶಿಫ್ಟ್ ಹಿಡಿದು, ಕೊನೆಯಲ್ಲಿ ಒಂದು ಸಲ ಹಿಡಿಯದೆ ಒತ್ತಬೇಕು. ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇದೇ ಮಸಿನಗುಡಿಗೆ ಸಿ, ಎಂ, ಎಫ್, ವಿ, ಐ, ಜಿ, ಚೌಕ ಆವರಣದ ಕೀಲಿ, ಮತ್ತೆ ಎಫ್ ಒತ್ತಬೇಕಾಗುತ್ತದೆ. ಹೀಗೆ 16 ಎಂಬ ಒಂದೇ ಸಂಖ್ಯೆ ಕೆಜಿಪಿಯಲ್ಲಿ ಮಕಾರ, ಇನ್‌ಸ್ಕ್ರಿಪ್ಟ್‌ನಲ್ಲಿ ಸಕಾರ, ತಮಿಳುನಾಡಿನಲ್ಲಿ ಬಳಕೆಯಲ್ಲಿರುವ ತಮಿಳು-99ರಲ್ಲಿ ರಕಾರ.

ಕರ್ನಾಟಕದಲ್ಲಿ ಹೊಸದಾಗಿ ಕಲಿಯುವವರಿಗೆ ಕೆಜಿಪಿಯನ್ನು ಸೂಚಿಸುವುದು ಸಹಜ. ನೀಲಗಿರಿಯ ಕನ್ನಡಿಗರಿಗಾದರೆ ಇನ್‌ಸ್ಕ್ರಿಪ್ಟ್ ಪರವಾಗಿ ಬಲವಾದ ವಾದವಿದೆ. ಆ ವಿನ್ಯಾಸದಲ್ಲಿ ಸ್ವರಗಳು ಎಡಗೈಗೂ ವ್ಯಂಜನಗಳು ಬಹುಪಾಲು ಬಲಗೈಗೂ ಹಂಚಿಕೆಯಾಗಿದ್ದು, ಒಂದು ಧ್ವನಿ ಭಾರತದ ಬಹುಪಾಲು ಲಿಪಿಗಳಲ್ಲಿಯೂ ಒಂದೇ ಕೀಲಿಯಲ್ಲಿರುತ್ತದೆ; ಸಿ ಕೀಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಲಯಾಳಂನಲ್ಲಿಯೂ ಮಕಾರವನ್ನೇ ಕೊಡುತ್ತದೆ. ಒಮ್ಮೆ ಬೆರಳುಗಳು ಕಲಿತರೆ, ಐಬಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಲಿಪಿ ಬದಲಾಯಿಸಿದೊಡನೆ ಗೂಡಲೂರಿನ ಮೂರೂ ಭಾಷೆಗಳು ಅದೇ ಬೆರಳುಗಳಿಂದ ಬರುತ್ತವೆ. ಇದೇ ಸಮಾನತೆ ಯೂನಿಕೋಡ್‌ನಲ್ಲಿಯೂ, ಅಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಟ್ಟ ವ್ಯವಸ್ಥೆಯಲ್ಲಿಯೂ ಮುಂದುವರಿದಿದೆ: 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಪಡೆದ ಕನ್ನಡದ ಮಕಾರಕ್ಕೆ 3246, ತಮಿಳಿನ ಮಕಾರಕ್ಕೆ 2990, ಎರಡರ ಅಂತರ ಸರಿಯಾಗಿ 256. ತಮಿಳಿನ ಬೇರೆ ಅಕ್ಷರಗಳಿಗೂ 256 ಕೂಡಿದರೆ ಬಹುತೇಕ ಕನ್ನಡದ ಜೊತೆಗಾರ ಅಕ್ಷರ ಸಿಗುತ್ತದೆ. ತಮಿಳು ಲಿಪಿಯಲ್ಲಿ ಪ್ರತ್ಯೇಕ ಗಕಾರ, ದಕಾರಗಳಂತಹ ಅಕ್ಷರಗಳಿಲ್ಲದ ಕಡೆ ಆ ಸ್ಥಾನಗಳು ಖಾಲಿ ಬಿದ್ದಿವೆ.

ಆ ಖಾಲಿ ಸ್ಥಾನಗಳು ಬಡಗ ಭಾಷೆಯನ್ನು ಬರೆಯುವವರಿಗೆ ಮುಖ್ಯವಾಗುತ್ತವೆ. ಕನ್ನಡಕ್ಕೆ ಅತ್ಯಂತ ಸಮೀಪವಾದ, ಜನಗಣತಿ ಕನ್ನಡದ ಅಡಿಯಲ್ಲಿಯೇ ಲೆಕ್ಕ ಹಾಕುವ ಈ ಭಾಷೆಯನ್ನು 2011ರಲ್ಲಿ ಸುಮಾರು 1.3 ಲಕ್ಷ ಜನ ಮಾತೃಭಾಷೆಯೆಂದು ಬರೆಸಿದ್ದರು. ಬಾಸೆಲ್ ಮಿಷನ್‌ನವರು 1890ರಲ್ಲಿ ಮಂಗಳೂರಿನ ತಮ್ಮ ಮುದ್ರಣಾಲಯದಲ್ಲಿ ಬಡಗ ಭಾಷೆಯ ಕ್ರೈಸ್ತ ಪುಸ್ತಕವೊಂದನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು; ಮುಂದೆ ಶಾಲೆಯ ಭಾಷೆ ತಮಿಳಾದಂತೆ ಬಡಗರು ತಮ್ಮ ನುಡಿಯನ್ನು ತಮಿಳು ಲಿಪಿಯಲ್ಲಿ ಬರೆಯುವುದು ರೂಢಿಯಾಯಿತು. ಬಡಗದಲ್ಲಿ ಕ ಮತ್ತು ಗ, ತ ಮತ್ತು ದ ಬೇರೆ ಬೇರೆ ಧ್ವನಿಗಳಾಗಿರುವುದರಿಂದ ತಮಿಳು ಲಿಪಿ ಓದುಗನ ಊಹೆಗೆ ಬಹಳಷ್ಟನ್ನು ಬಿಡುತ್ತದೆ, ಕನ್ನಡ ಲಿಪಿ ಬಿಡುವುದಿಲ್ಲ. ಆದರೆ ಕನ್ನಡ ಲಿಪಿಗೂ ದಕ್ಕದ ಸಂಗತಿಯೊಂದು ಬಡಗದಲ್ಲಿದೆ. 1930ರ ದಶಕದಲ್ಲಿ ನೀಲಗಿರಿಯಲ್ಲಿ ಕ್ಷೇತ್ರಕಾರ್ಯ ಮಾಡಿದ ಭಾಷಾವಿಜ್ಞಾನಿ ಎಂ.ಬಿ. ಎಮಿನೋ 1939ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಡಗದ ಐದು ಸ್ವರಗಳಿಗೂ ಸಾಮಾನ್ಯ ರೂಪದ ಜೊತೆಗೆ ನಾಲಗೆಯನ್ನು ಅರ್ಧ ಮತ್ತು ಪೂರ್ತಿ ಹಿಂದಕ್ಕೆ ಮಡಚಿ ನುಡಿಯುವ ಎರಡು ರೂಪಗಳಿವೆಯೆಂದು ದಾಖಲಿಸಿದರು. ಪ್ರಪಂಚದ ಭಾಷೆಗಳಲ್ಲಿ ಬಹಳ ವಿರಳವಾದ ಈ ಭೇದ ಈಗ ಹಲವರ ಮಾತಿನಲ್ಲಿ ಮಾಸಿದೆ, ಮತ್ತು ಅದನ್ನು ತೋರಿಸಲು ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಅಕ್ಷರವಿಲ್ಲ.

ಲಿಪಿಗೆ ಹೊಸ ಚಿಹ್ನೆ ಸೇರುವುದು ಅಸಾಧ್ಯವೇನಲ್ಲ. ಕನ್ನಡ ಲಿಪಿಯಲ್ಲಿ ಕೊಂಕಣಿಯನ್ನು ಬರೆಯುವವರಿಗಾಗಿ ಅಕ್ಷರದ ಮೇಲೆ ಬಲಕ್ಕೆ ಕೂರುವ ಅನುಸ್ವಾರವೊಂದನ್ನು ಯೂನಿಕೋಡ್ 2022ರಲ್ಲಿ ಸೇರಿಸಿಕೊಂಡಿತು. ಬಡಗಕ್ಕೆ ಅಷ್ಟು ದೂರ ಹೋಗುವ ಅಗತ್ಯವೂ ಬೀಳದಿರಬಹುದು, ಏಕೆಂದರೆ ಅಕ್ಷರದ ಕೆಳಗೆ ಕೂರುವ ನುಕ್ತ ಎಂಬ ಚಿಹ್ನೆ ಕನ್ನಡದ ಪಟ್ಟಿಯಲ್ಲಿ ಈಗಾಗಲೇ ಇದ್ದು, ಮಡಚಿದ ಸ್ವರಗಳಿಗೆ ಅದನ್ನೋ ಬೇರೊಂದು ಚಿಹ್ನೆಯನ್ನೋ ಬಳಸುವುದನ್ನು ಬಡಗ ಬರಹಗಾರರೇ ಕೂಡಿ ನಿರ್ಧರಿಸಬಹುದು. ನಿರ್ಧಾರವಾದ ಮೇಲೆ ಉಳಿಯುವ ತಾಂತ್ರಿಕ ಕೆಲಸ ಚಿಕ್ಕದು. ಎಂ17ಎನ್ ಸಂಗ್ರಹದ ವಿನ್ಯಾಸ ಪಟ್ಟಿಗಳು ಸಾಮಾನ್ಯ ಪಠ್ಯ ಕಡತಗಳಾಗಿದ್ದು, ಕನ್ನಡದ ಕೆಜಿಪಿ ಪಟ್ಟಿಯನ್ನು ನಕಲು ಮಾಡಿಕೊಂಡು, ಭಾಷೆಯ ಹೆಸರನ್ನು ಬದಲಿಸಿ, ಹೊಸ ಚಿಹ್ನೆಗೆ ಒಂದು ಕೀಲಿಯನ್ನು ಸೂಚಿಸುವ ಸಾಲುಗಳನ್ನು ಸೇರಿಸಿ, ಬಳಕೆದಾರನ ಮನೆ ಫೋಲ್ಡರಿನಲ್ಲಿ ಎಂ17ಎನ್ ಸಂಗ್ರಹಕ್ಕೆಂದೇ ಇರುವ ಅಡಗಿದ ಫೋಲ್ಡರಿನೊಳಗೆ ಉಳಿಸಿದರೆ, ಐಬಸ್ ಮರುಚಾಲನೆಯಾದಾಗ ಕನ್ನಡ, ತಮಿಳುಗಳ ಸಾಲಿನಲ್ಲಿ ಬಡಗವೂ ಆಯ್ಕೆಯಾಗಿ ಕಾಣಿಸುತ್ತದೆ. ಪಟ್ಟಿ ಇರುವುದು ಗಣಕದೊಳಗಾದ್ದರಿಂದ ಕೀಲಿಮಣೆಯನ್ನು ಬದಲಾಯಿಸಬೇಕಿಲ್ಲ, ಮತ್ತೆ ಜೋಡಿ ಮಾಡಬೇಕಿಲ್ಲ. ಆ ಕಡತವನ್ನು ಒಂದು ಪೆನ್ ಡ್ರೈವಿನಲ್ಲಿ ಕೋಟಗಿರಿಗೋ ಕೂನೂರಿಗೋ ಒಯ್ದು ಅಲ್ಲಿಯ ಗಣಕಗಳಿಗೆ ನಕಲು ಮಾಡಿದರೆ ಸಾಕು.